ಒಂದು ಮೆಷಿನ್ ನಿಂತ್ರೆ ಇಡೀ ಸೆಲ್ ನಿಲ್ಲತ್ತೆ, ಏಜೆಂಟ್ ಕಂಟ್ರೋಲ್‌ನಿಂದ ಸರಿಹೋಗತ್ತಾ?

ಪ್ರಶ್ನೆ: ಸರ್ ನಮಸ್ತೆ. ನಮ್ಮ ಫ್ಯಾಕ್ಟರಿಯ ಒಂದು ಸೆಲ್ಲಲ್ಲಿ (ಒಟ್ಟಿಗೆ ಕೆಲಸ ಮಾಡೋ ಮೆಷಿನ್‌ಗಳ ಗುಂಪು) ನಾಲ್ಕು ಸಿಎನ್‌ಸಿ ಅಂದ್ರೆ ಕಂಪ್ಯೂಟರ್ ನಡೆಸೋ ಮೆಷಿನ್, ಲೋಡಿಂಗ್‌ಗೆ ಒಂದು ರೋಬೋ, ಪಾರ್ಟ್ ಹೊರೋ ಪ್ಯಾಲೆಟ್‌ಗೆ ಕನ್ವೇಯರ್ ಇದೆ, ಎಲ್ಲಾ ಒಂದೇ ಸೆಲ್ ಕಂಟ್ರೋಲರ್ ಕೈಲಿ. ಶೆಡ್ಯೂಲ್ ಹಾಕಿದ್ರೆ ಚೆನ್ನಾಗೇ ಓಡತ್ತೆ, ಆದ್ರೆ ಒಂದು ಟೂಲ್ ಮುರೀತು ಅಂದ್ರೆ ಆ ಮೆಷಿನ್‌ಗೆ ಹೋಗ್ಬೇಕಿದ್ದ ಪ್ಯಾಲೆಟ್ ಎಲ್ಲಾ ಸಾಲಾಗಿ ನಿಂತ್ಕೊಳ್ತವೆ, ಪಕ್ಕದ ಮೆಷಿನ್ ಅದೇ ಕೆಲಸ ಮಾಡೋ ಹಾಗಿದ್ರೂ ಖಾಲಿ ಕೂತಿರತ್ತೆ. ಏಜೆಂಟ್ (ಪ್ರತಿ ಮೆಷಿನ್, ಪ್ಯಾಲೆಟ್ ಪರವಾಗಿ ತೀರ್ಮಾನ ಮಾಡೋ ಚಿಕ್ಕ ಪ್ರೋಗ್ರಾಂ) ಹಾಕಿದ್ರೆ ಮೆಷಿನ್‌ಗಳೇ ಮಾತಾಡ್ಕೊಂಡು ಕೆಲಸ ಹಂಚ್ಕೊಳ್ತವೆ ಅಂತಾರೆ. ಮೇಲೆ ಹೇಳೋರಿಲ್ದೆ ಅದು ನಡೆಯತ್ತಾ?

ಉತ್ತರ: ನಡೆಯತ್ತೆ, ಆದ್ರೆ ಯಾವ ತೀರ್ಮಾನ ಏಜೆಂಟ್‌ಗೆ ಬಿಡ್ತೀರಿ ಅನ್ನೋದ್ರ ಮೇಲೆ ಎಲ್ಲಾ ನಿಂತಿದೆ. ಸ್ಪಿಂಡಲ್, ಇಂಟರ್‌ಲಾಕ್, ಎಮರ್ಜೆನ್ಸಿ ಸ್ಟಾಪ್ ಇವೆಲ್ಲಾ ಪಿಎಲ್‌ಸಿ (ಮೆಷಿನ್‌ನ ನೇರವಾಗಿ ನಡೆಸೋ ಕಂಟ್ರೋಲ್ ಕಂಪ್ಯೂಟರ್) ಹತ್ರಾನೇ ಇರ್ಲಿ, ಅದನ್ನ ಮುಟ್ಬೇಡಿ, ಮಿಲಿಸೆಕೆಂಡ್ ಲೆಕ್ಕದ ಕೆಲಸದಲ್ಲಿ ಚೌಕಾಸಿಗೆ ಟೈಮ್ ಇರಲ್ಲ. ಈ ಪ್ಯಾಲೆಟ್ ಮುಂದೆ ಎಲ್ಲಿಗೆ ಹೋಗ್ಬೇಕು ಅನ್ನೋದನ್ನ ಮಾತ್ರ ಏಜೆಂಟ್‌ಗೆ ಕೊಡಿ.

ಇದಕ್ಕೆ ಹೆಚ್ಚಾಗಿ ಬಳಸೋದು ಕಾಂಟ್ರ್ಯಾಕ್ಟ್ ನೆಟ್ ಅನ್ನೋ ವಿಧಾನ, 1980ರಲ್ಲಿ ಕಂಪ್ಯೂಟರ್ ವಿಜ್ಞಾನಿ ರೀಡ್ ಸ್ಮಿತ್ ಬರೆದಿದ್ದು. ನಮ್ಮ ಟೆಂಡರ್ ಥರಾನೇ ಅನ್ಕೊಳ್ಳಿ. ಪ್ಯಾಲೆಟ್ ಏಜೆಂಟ್ "ನಂಗೆ ಈ ಡ್ರಿಲ್ಲಿಂಗ್ ಆಗ್ಬೇಕು" ಅಂತ ಕೂಗತ್ತೆ, ಆ ಕೆಲಸ ಬರೋ ಮೆಷಿನ್‌ಗಳು ಕ್ಯೂ ಎಷ್ಟಿದೆ, ಸೆಟಪ್ ಬದಲಾಯಿಸ್ಬೇಕಾ, ಟೂಲ್ ಲೈಫ್ ಎಷ್ಟು ಉಳಿದಿದೆ ನೋಡಿ ಬಿಡ್ ಹಾಕ್ತವೆ, ಒಳ್ಳೇದಕ್ಕೆ ಕೆಲಸ ಸಿಗತ್ತೆ. ಟೂಲ್ ಮುರಿದ ಮೆಷಿನ್ ಬಿಡ್ಡೇ ಹಾಕಲ್ಲ, ಅದಕ್ಕೆ ಮೊದ್ಲೇ ಸಿಕ್ಕಿದ್ದ ಕೆಲಸ ಮತ್ತೆ ಟೆಂಡರ್‌ಗೆ ಬರ್ಬೇಕು, ಈ ಎರಡನೇದನ್ನ ಬರೆಯೋಕೆ ಮರೀಬೇಡಿ. ನಿಮ್ಮ ಸಮಸ್ಯೆಗೆ ಉತ್ತರ ಇರೋದೇ ಅಲ್ಲಿ.

ಪ್ರಶ್ನೆ: ಒಂದೇ ಹೊತ್ತಿಗೆ ಎರಡು ಪ್ಯಾಲೆಟ್ ಕೂಗಿದ್ರೆ?

ಉತ್ತರ: ಒಳ್ಳೇ ಪ್ರಶ್ನೆ ಕೇಳಿದ್ರಿ. ಮೆಷಿನ್ ಎರಡಕ್ಕೂ "ಈಗಲೇ ಖಾಲಿ" ಅಂತ ಬಿಡ್ ಹಾಕಿ ಎರಡನ್ನೂ ಗೆದ್ರೆ ಒಂದು ಮಾತು ಸುಳ್ಳಾಗತ್ತೆ. ಅದಕ್ಕೆ ಬಿಡ್ ಹಾಕಿದ ಕೂಡ್ಲೇ ಆ ಜಾಗ ಸ್ವಲ್ಪ ಹೊತ್ತು ಕಾದಿರಿಸಿ, ಟೈಮ್ ಮೀರಿದ್ರೆ ಬಿಟ್ಬಿಡಿ. ಇಲ್ಲಾಂದ್ರೆ ಕೆಲಸ ಕೊಡೋವಾಗ ಮತ್ತೊಂದ್ಸಲ ಒಪ್ಪಿಗೆ ಕೇಳಿ.

ಇದಕ್ಕಿಂತ ಭಯ ಇರೋದು ಡೆಡ್‌ಲಾಕ್ ಬಗ್ಗೆ. ಒಂದನೇ ಮೆಷಿನ್ನಲ್ಲಿರೋ ಪಾರ್ಟ್ ಎರಡಕ್ಕೆ ಹೋಗ್ಬೇಕು, ಎರಡರಲ್ಲಿರೋದು ಒಂದಕ್ಕೆ ಬರ್ಬೇಕು, ಪಾರ್ಟ್ ಕಾಯೋ ಜಾಗ ಅಂದ್ರೆ ಬಫರ್ ಫುಲ್, ರೋಬೋಗೆ ಒಂದೇ ಗ್ರಿಪ್ಪರ್ (ಹಿಡಿಯೋ ಕೈ). ಪ್ರತಿ ಏಜೆಂಟೂ ತನ್ನ ಮಟ್ಟಿಗೆ ಸರಿಯಾಗೇ ಇದೆ, ಆದ್ರೆ ಯಾವ್ದೂ ಅಲ್ಲಾಡಲ್ಲ. ಅದಕ್ಕೆ ಒಂದು ಬಫರ್ ಜಾಗ ಯಾವಾಗ್ಲೂ ಖಾಲಿ ಇಡಿ, ಅದನ್ನ ಅದ್ಲುಬದ್ಲು ಮಾಡೋಕೆ ಮಾತ್ರ ಬಳಸಿ.

ಕಾರು ಮಾಡೋ ಡೈಮ್ಲರ್‌ಕ್ರೈಸ್ಲರ್‌ನವ್ರು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಸಿಲಿಂಡರ್ ಹೆಡ್ ಲೈನ್‌ಗೆ ಏಜೆಂಟ್ ಕಂಟ್ರೋಲ್ ಹಾಕಿದಾಗ ಮಾಡಿದ್ದು ನಂಗೆ ತುಂಬಾ ಇಷ್ಟ. ಮೆಷಿನ್ ಮುಗಿಸಿದ ಪಾರ್ಟ್‌ಗಳು ಮುಂದೆ ಹೋಗದೆ ಒಂದು ಮಿತಿ ಮುಟ್ಟಿದ್ರೆ ಆ ಮೆಷಿನ್ ಹೊಸ ಕೆಲಸ ಒಪ್ಪೋದೇ ನಿಲ್ಲಿಸತ್ತೆ, ಆಗ ಅದರ ಹಿಂದಿನದೂ ನಿಧಾನ ಆಗತ್ತೆ, ಹೀಗೆ ಮುಂದಿನ ಅಡಚಣೆ ಯಾರೂ ಹೇಳ್ದೇನೇ ಹಿಂದಿನವರೆಗೂ ಗೊತ್ತಾಗತ್ತೆ. ಅದನ್ನೂ ಇದ್ದ ಲೈನ್ ಕಿತ್ತಾಕಿ ಮಾಡ್ಲಿಲ್ಲ, ಪಕ್ಕದಲ್ಲಿ ಬೈಪಾಸ್ ಥರ ಹಾಕಿ ಓಡ್ಸಿದ್ರು.

ಪ್ರಶ್ನೆ: ಹಾಗಾದ್ರೆ ಸೆಲ್ ಕಂಟ್ರೋಲರ್ ತೆಗೆದುಬಿಡ್ಲಾ ಸರ್?

ಉತ್ತರ: ತೆಗೀಬೇಡಿ. ಏಜೆಂಟ್‌ಗೆ ಹತ್ರದ್ದಷ್ಟೇ ಕಾಣೋದು, ಡೆಲಿವರಿ ಡೇಟ್ ಎಲ್ಲಾ ಕೂಡಿಸಿ ನೋಡೋ ಕಣ್ಣು ಅದಕ್ಕಿಲ್ಲ. 1998ರಲ್ಲಿ ಬೆಲ್ಜಿಯಂನ ಲ್ಯೂವೆನ್ ಯೂನಿವರ್ಸಿಟಿಯವ್ರು ಇಂಥ ಕಂಟ್ರೋಲ್‌ಗೆ ಕೊಟ್ಟ ಪ್ರೋಸಾ ಮಾದರಿಯಲ್ಲೂ ಪ್ರಾಡಕ್ಟ್, ಆರ್ಡರ್, ರಿಸೋರ್ಸ್ (ಮೆಷಿನ್ ಥರದ್ದು) ಅನ್ನೋ ಏಜೆಂಟ್‌ಗಳ ಜೊತೆ ಸ್ಟಾಫ್ ಅಂತ ಒಬ್ಬ ಇರ್ತಾನೆ, ಅವನು ಸಲಹೆ ಕೊಡ್ತಾನೆ, ಆದ್ರೆ ತೀರ್ಮಾನ ಅವನದಲ್ಲ. ನಿಮ್ಮ ಕಂಟ್ರೋಲರ್‌ನ ಆ ಜಾಗದಲ್ಲಿ ಕೂರ್ಸಿ. ಮೊದ್ಲು ಎರಡು ಮೆಷಿನ್ ಮಧ್ಯೆ ಮಾತ್ರ ಬಿಡ್ಡಿಂಗ್ ಶುರು ಮಾಡಿ, ಸಿಮ್ಯುಲೇಷನ್ನಲ್ಲಿ ಬೇಕಂತಲೇ ಒಂದೊಂದಾಗಿ ಮೆಷಿನ್ ಆಫ್ ಮಾಡಿ, ನಡುವೆ ಮೆಸೇಜ್ ಕಳೆದುಹೋಗೋ ಹಾಗೂ ಮಾಡಿ ನೋಡಿ. ಎಲ್ಲಿ ಸಿಕ್ಕಾಕೊಳ್ತು ಅಂತ ಲಾಗ್ ಸಮೇತ ಇಲ್ಲೇ ಹಾಕಿ, ನಾನು ನೋಡ್ತೀನಿ.