ಸಹಾಯ ಬೇಕು: ಮುರಕಲ್ಲಿನ (ಲ್ಯಾಟರೈಟ್) ಬಾವಿ ನೀರನ್ನು ಮೋಲಿ ಮೀನಿಗೆ ಹೊಂದಿಸುವುದು ಹೇಗೆ?

ನಮಸ್ಕಾರ. ಕಾಸರಗೋಡು, ಬದಿಯಡ್ಕ ಕಡೆ ಬಾವಿ ನೀರಲ್ಲಿ ಮೀನು ಸಾಕುವವರು ದಯವಿಟ್ಟು ತಿಳಿಸಿ.

ಟ್ಯಾಂಕ್ 3 ಅಡಿ ಉದ್ದ, ಅಗಲ ಎತ್ತರ ಒಂದೊಂದು ಅಡಿ, ಸುಮಾರು 80 ಲೀಟರ್. ಸ್ಪಂಜ್ ಫಿಲ್ಟರ್ ಇದೆ. ಆಗಷ್ಟೇ ಸೇದಿದ ನೀರಿನ ಪಿಎಚ್ 5.8, ಬಕೆಟ್‌ನಲ್ಲಿ 24 ಗಂಟೆ ಗಾಳಿ ಬಿಟ್ಟು, ಕರಗಿದ್ದ ಇಂಗಾಲದ ಡೈಆಕ್ಸೈಡ್ ಹೋದಮೇಲೆ 6.4. ಕೆಎಚ್ (ಕಾರ್ಬೊನೇಟ್ ಗಡಸುತನ) ಅಳೆಯುವ ಕಿಟ್‌ನ ಮೊದಲ ಹನಿಗೇ ನೀಲಿ ಹೋಗಿ ಹಳದಿ ಬರುತ್ತದೆ, ಅಂದರೆ ನೀರಿನಲ್ಲಿ ಕಾರ್ಬೊನೇಟ್ ಇಲ್ಲವೆಂದೇ ಲೆಕ್ಕ. ಹೀಗೇ ಬಿಟ್ಟರೆ ಪಿಎಚ್ 6ಕ್ಕಿಂತ ಕೆಳಗಿಳಿದು ಫಿಲ್ಟರಿನ ಬ್ಯಾಕ್ಟೀರಿಯಾ ಮಂಕಾಗುತ್ತವೆ, ಅಮೋನಿಯಾ ಉಳಿಯುತ್ತದೆ.

ನಿಯಾನ್ ಟೆಟ್ರಾ ಮೀನುಗಳಿಗೆ ಈ ಮೆದು ನೀರೇ ಒಳ್ಳೆಯದು, ಅವನ್ನು ಬೇರೆ ಇಟ್ಟಾಗಿದೆ. ಮೋಲಿಗಳು ಮಾತ್ರ ರೆಕ್ಕೆ ಮುದುಡಿಕೊಂಡು ಇದ್ದಲ್ಲೇ ತೂಗಾಡುತ್ತಿವೆ, ನೋಡಲಾಗುತ್ತಿಲ್ಲ. ಅವಕ್ಕೆ ಪಿಎಚ್ 7.5ರ ಮೇಲಿನ ಗಡಸು ನೀರು ಬೇಕು.

ನೀರಿನ ಗಡಸುತನ ಹೆಚ್ಚಿಸಲು ಮರುವಾಯಿ, ಅಂದರೆ ಕಪ್ಪೆಚಿಪ್ಪನ್ನು ಚೆನ್ನಾಗಿ ಕುದಿಸಿ, ಕುಟ್ಟಿ, ಬಲೆಚೀಲದಲ್ಲಿ ಗುಳ್ಳೆ ಏಳುವಲ್ಲಿ ಇಡುವ ಯೋಚನೆ. 200 ಗ್ರಾಂ ಸಾಕೇ? ಕೆಎಚ್ 5 ಆಗಲು ಎಷ್ಟು ದಿನ? ಮಳೆಗಾಲದಲ್ಲಿ ಹೆಚ್ಚಿಸಬೇಕೇ? ಅಡುಗೆ ಸೋಡಾ ಬೇಡ, ಅದರಿಂದ ಕ್ಯಾಲ್ಸಿಯಂ ಸಿಗುವುದಿಲ್ಲ.