ಸಹಾಯ ಬೇಕು: ಕ್ರಿಕೆಟ್ ಸಾಮಾನಿಗೆ ರ‍್ಯಾಕ್, ಧಾರವಾಡದಾಗ ಯಾರು ಮಾಡ್ತಾರ್ರಿ?

ಎಲ್ಲಾರಿಗೂ ನಮಸ್ಕಾರ. ಮನಿ ಹಳೇದು, ಮಣ್ಣಿನ ಗೋಡಿ. ಡ್ರಿಲ್ ಹಾಕಿದ್ರ ಮಣ್ಣು ಉದುರತೈತಿ, ಸ್ಕ್ರೂ ಕೂರಿಸೋ ಪ್ಲಗ್ ಹಿಡಿಯಂಗಿಲ್ಲ. ಹಿಂಗಾಗಿ ನೆಲದ ಮ್ಯಾಲೆ ನಿಲ್ಲೋ ಸ್ಲಾಟೆಡ್ ಆಂಗಲ್ (ಸಾಲಾಗಿ ತೂತು ಇರೋ ಕಬ್ಬಿಣದ ಪಟ್ಟಿ) ರ‍್ಯಾಕೇ ಬೇಕು: ಎತ್ತರ 5 ಫೂಟು, ಅಗಲ 3, ಆಳ ಒಂದೂವರಿ. ಇಡೋದು 3 ಬ್ಯಾಟು, 2 ಜೋಡಿ ಪ್ಯಾಡು, ಹೆಲ್ಮೆಟ್.

ಕೆಳಗಿನ ಹಲಗಿ ನೆಲದಿಂದ 6 ಇಂಚರ ಮ್ಯಾಲೆ ಇರಲೇಬೇಕ್ರಿ. ಮಳಿಗಾಲದಾಗ ನೆಲ ಒಸರತೈತಿ. ಬ್ಯಾಟಿನ ಟೋ, ಅಂದ್ರ ಕೆಳಗಿನ ತುದಿ, ಆ ಹಸಿ ಹೀರಿ ಉಬ್ಬತೈತಿ, ಆಮ್ಯಾಲೆ ಸೀಳತೈತಿ. ಮೈಗೆ ಅಗಸಿ ಎಣ್ಣಿ ಹಚ್ಚಿದ್ರೂ ಇದು ತಪ್ಪಂಗಿಲ್ಲ. ಪ್ಯಾಡ್, ಗ್ಲೌಸಿಗೆ ತಂತಿ ಜಾಳಿಗಿ ಖಣ ಬೇಕು. ಮುಚ್ಚಿದ ಕಪಾಟಿನಾಗ ಬೆವರು ಆರದ ಬೂಸ್ಟು ಹಿಡಿತೈತಿ.

ಅಳತಿ ಪ್ರಕಾರ ಮಾಡಿಕೊಡೋ ಫ್ಯಾಬ್ರಿಕೇಶನ್‌ದವರು ಹುಬ್ಬಳ್ಳಿ-ಧಾರವಾಡದಾಗ ಗೊತ್ತಿದ್ರ ತಿಳಸ್ರಿ. ಪೌಡರ್ ಕೋಟಿಂಗ್ (ಪುಡಿ ಬಣ್ಣದ ಲೇಪ) ಸೇರಿಸಿ ರೇಟು ಎಷ್ಟಾಗತೈತಿ?