ಮಗನಿಗೆ ಇಂಗ್ಲಿಷ್ ಪದಗಳ ಹುಚ್ಚು, ಅಜ್ಜಿ ಜೊತೆ ಮಾತಿಲ್ಲ

ತೀರ್ಥಹಳ್ಳಿ, ಈಗ ಡಲ್ಲಾಸ್:
ಎಲ್ಲರಿಗೂ ನಮಸ್ಕಾರ. ಮಗನಿಗೆ ಒಂಬತ್ತು ವರ್ಷ. ಯಾವ ಇಂಗ್ಲಿಷ್ ಪದ ಎಲ್ಲಿಂದ ಬಂತು ಅಂತ ಹುಡುಕೋದೇ ಅವನ ಆಟ. ಅಂಪೈರ್ ಮೊದಲು ‘ನೌಂಪೆರ್’ ಆಗಿತ್ತಂತೆ. ‘ಎ ನೌಂಪೆರ್’ನಲ್ಲಿ ‘ನ’ ಜಾರಿ ಹಿಂದಿನ ‘ಎ’ಗೆ ಅಂಟಿಕೊಂಡು ‘ಆನ್ ಅಂಪೈರ್’ ಆಯಿತಂತೆ. ಏಪ್ರನ್ ಕಥೆಯೂ ಅದೇ. ನಿಕ್‌ನೇಮ್‌ದು ಉಲ್ಟಾ, ‘ಆನ್ ಈಕ್‌ನೇಮ್’ನಿಂದ ‘ನ’ ಕದ್ದಿದ್ದು. ಊಟಕ್ಕೆ ಕೂತರೂ ಇದೇ. ಕನ್ನಡದಲ್ಲಿ ಮಾತ್ರ ‘ಹೂಂ’, ‘ಬೇಡ’, ಅಷ್ಟೇ. ಬೇಸಿಗೆಗೆ ಊರಿಗೆ ಹೋಗುತ್ತಿದ್ದೇವೆ. ಅಜ್ಜಿ ಜೊತೆ ಹೇಗೆ ಮಾತಾಡಿಸೋದು?

ಸಾಗರ, ಈಗ ಲಂಡನ್:
ಆ ಹುಚ್ಚನ್ನೇ ಹಿಡಿದುಕೊಳ್ಳಿ. ‘ಅರೆಕಾ’ ಎಲ್ಲಿಂದ ಬಂತು ಅಂತ ಅವನನ್ನೇ ಕೇಳಿ. ಮಲಯಾಳದ ‘ಅಡಕ್ಕ’ ಪೋರ್ಚುಗೀಸರ ಬಾಯಲ್ಲಿ ಹಾಗಾಯಿತು. ನಮ್ಮ ಅಡಿಕೆಗೆ ದಾಯಾದಿ! ಟೀಕ್ ಕೂಡ ಅಲ್ಲಿಯದೇ, ನಮ್ಮ ತೇಗದ ನೆಂಟ. ಜ್ಯಾಕ್‌ಫ್ರೂಟ್‌ನ ‘ಜ್ಯಾಕ್’ ಮೂಲದಲ್ಲಿ ‘ಚಕ್ಕ’. ಅಜ್ಜಿ ಹಿಂದೆ ತೋಟಕ್ಕೆ ಕಳಿಸಿ. ಹಾಳೆ, ಗೊನೆ, ಸಿಂಗಾರ, ದೋಟಿ, ಒಂದೊಂದನ್ನೂ ಕೇಳಿ ಬರೆದುಕೊಂಡು ಬರಲಿ.

ಹೊಸನಗರ, ಈಗ ನ್ಯೂಜೆರ್ಸಿ:
ಇದೆಲ್ಲ ಸುಮ್ನೆ ಸುತ್ತುಬಳಸು. ಮನೆಯೊಳಗೆ ಇಂಗ್ಲಿಷ್ ಬಂದ್ ಮಾಡಿ. ನಾವು ಮೊದಲಿನಿಂದಲೂ ಹಾಗೇ. ಕನ್ನಡದಲ್ಲಿ ಕೇಳದಿದ್ದರೆ ದೋಸೆ ತಟ್ಟೆಗೆ ಬೀಳುತ್ತಿರಲಿಲ್ಲ. ಈಗ ಮಗಳು ರಾಜ್ಯೋತ್ಸವದಲ್ಲಿ ನಿರೂಪಣೆ ಮಾಡುತ್ತಾಳೆ. ಅಪ್ಪ ಅಮ್ಮನಿಗೇ ಮನಸ್ಸಿಲ್ಲದಿದ್ದರೆ ಮಕ್ಕಳನ್ನು ದೂರಬೇಡಿ.

ಭದ್ರಾವತಿ, ಈಗ ಸಿಡ್ನಿ:
ಈ ‘ಬಂದ್’ ಪರ್ಷಿಯನ್ ಭಾಷೆಯಿಂದ ಬಂದದ್ದು ಸ್ವಾಮಿ. ಚಾವಿ ಪೋರ್ಚುಗೀಸರದ್ದು. ಬಾಗಿಲಿಗೆ ಬೀಗ ಹಾಕೋದು ಹೇಗೆ?

ಹೊಸನಗರ, ಈಗ ನ್ಯೂಜೆರ್ಸಿ:
ತಮಾಷೆ ಮಾಡಿ, ಪರವಾಗಿಲ್ಲ. ನಾಳೆ ಮೊಮ್ಮಗ ಅಜ್ಜಿಗೆ ‘ಹಾಯ್’ ಅಂತ ಕೈಬೀಸಿ ಮೊಬೈಲ್ ಹಿಡಿದು ಕೂತಾಗ ಗೊತ್ತಾಗುತ್ತದೆ. ಭಾಷೆ ಹೋದರೆ ಎಲ್ಲ ಹೋದಂತೆ.

ಕೊಪ್ಪ, ಈಗ ಟೊರೊಂಟೊ:
ನಿಮಗೆ ಹೋಗೋಕೆ ಅಜ್ಜಿ ಮನೆಯಾದರೂ ಇದೆ. ನಮ್ಮವರು ತೋಟ ಮಾರಿದ ಮೇಲೆ ಊರಿಗೆ ಹೋದರೆ ಲಾಡ್ಜೇ ಗತಿ. ಮಗ ಫೋನಿನಲ್ಲಿ ‘ಓಕೆ ಅಮ್ಮ’ ಅಂದರೆ ಮುಗಿಯಿತು.

ಭದ್ರಾವತಿ, ಈಗ ಸಿಡ್ನಿ:
ಆ ‘ಓಕೆ’ಯೂ ತಮಾಷೆಯಿಂದಲೇ ಹುಟ್ಟಿದ್ದು. 1839ರಲ್ಲಿ ಬಾಸ್ಟನ್ನಿನ ಪತ್ರಿಕೆಯೊಂದು ‘ಆಲ್ ಕರೆಕ್ಟ್’ ಅನ್ನೋದನ್ನು ಬೇಕಂತಲೇ ತಪ್ಪು ಅಕ್ಷರದಲ್ಲಿ ಬರೆದು ಚುಟುಕು ಮಾಡಿತ್ತು.

ತೀರ್ಥಹಳ್ಳಿ, ಈಗ ಡಲ್ಲಾಸ್:
ಇದನ್ನು ಓದಿ ಹೇಳಿದೆ. ‘ಓಕೆ ಗೀಕೆ’ ಅಂತ ಕುಣಿಯುತ್ತಿದ್ದಾನೆ. ಈ ‘ಗೀ’ ಮಾತ್ರ ಅಪ್ಪಟ ನಮ್ಮದು ಅಲ್ವಾ! ಸಾಗರದವರೇ, ತೋಟದ ಪದಗಳ ಪಟ್ಟಿ ಇನ್ನಷ್ಟು ಉದ್ದ ಕಳಿಸುತ್ತೀರಾ?

ಹೊಸನಗರ, ಈಗ ನ್ಯೂಜೆರ್ಸಿ:
ಪಟ್ಟಿ ಗಿಟ್ಟಿ ಏನೂ ಬೇಡ ಕಣ್ರೀ. ಮೊದಲು ಮನೆಯಲ್ಲಿ ಇಂಗ್ಲಿಷ್ ನಿಲ್ಲಿಸಿ.